ಕಥೆನಾ, ಪಾಠನಾ?

(ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ನಡುವೆ ದಾರಿ ತಪ್ಪಿದ ಕಡೆಗಳನ್ನು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾಲು ಗಂಟೆ ತಡವಾಗಿ ಬಂದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಟ್ರಾಫಿಕ್ ಅಂತ ಹೇಳಬಹುದಿತ್ತು. ಬೆಂಗಳೂರಿನಲ್ಲಿ ಆ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಎಂಥಾ ಟ್ರಾಫಿಕ್? ನಡೆದದ್ದು ಇಷ್ಟೇ. ಬನಶಂಕರಿಯಲ್ಲಿ ಬಸ್ಸು ಹತ್ತಿದೆ. ನೆಟ್ಟಕಲ್ಲಪ್ಪ ಸರ್ಕಲ್‌ನಲ್ಲಿ ಇಳಿಯಬೇಕಿತ್ತು. ಕೈಯಲ್ಲಿ ಒಂದು ಪುಸ್ತಕ ಇತ್ತು. ತಲೆ ಎತ್ತಿ ನೋಡಿದರೆ ಮಾರ್ಕೆಟ್ ಬಂದುಬಿಟ್ಟಿತ್ತು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ, ಹಾಗಾಗಿ ದುಡ್ಡೇನೂ ದಂಡವಾಗಲಿಲ್ಲ. ವಾಪಸ್ ಬರುವಾಗ ಪುಸ್ತಕವನ್ನು ಚೀಲದೊಳಗೆ ಹಾಕಿ ಜಿಪ್ ಎಳೆದು, ಕಿಟಕಿಯಾಚೆ ನೋಡುತ್ತಾ ಕೂತೆ.

ಓದುವ ಹುಚ್ಚು, ಮಕ್ಕಳ ಕಲಿಕೆ, ಸಂಸಾರ, ಈ ಮೂರನ್ನೂ ಹೇಗೆ ಸರಿದೂಗಿಸುತ್ತೀರಿ ಅಂತ ಮಾತಾಡಿ ಎಂದು ಕರೆದಿದ್ದರು. ಹೇಗೆ ಸರಿದೂಗಿಸುತ್ತೇನೆ ಅನ್ನುವುದನ್ನು ಈಗಷ್ಟೇ ನೋಡಿದಿರಲ್ಲ.

ಪರಿಚಯ ಮಾಡಿಕೊಡುವಾಗ ‘ಇವರು ಮನೆಯಲ್ಲೇ ಶಾಲೆ ನಡೆಸುತ್ತಾರೆ’ ಅಂದರು. ಅದೊಂದನ್ನು ತಿದ್ದಿಬಿಡುತ್ತೇನೆ. ಮಕ್ಕಳು ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಾರೆ, ನಿಜ. ಆದರೆ ನಮ್ಮ ಮನೆಯಲ್ಲಿ ಶಾಲೆ ಇಲ್ಲ. ಬೋರ್ಡಿಲ್ಲ, ಬೆಲ್ಲಿಲ್ಲ. ಟೈಮ್‌ಟೇಬಲ್ ಇದೆ, ಅದು ಫ್ರಿಜ್ ಬಾಗಿಲಿಗೆ ಅಂಟಿಕೊಂಡು ತನ್ನ ಪಾಡಿಗೆ ತಾನಿದೆ. ಇರುವುದು 13 ವರ್ಷದ ಮಗಳು, 9 ವರ್ಷದ ಮಗ, ನಮ್ಮ ಮನೆಯವರು, ನಮ್ಮತ್ತೆ, ನಾನು.

ಶಾಲೆ ಬಿಡಿಸಿದ್ದಕ್ಕೆ ದೊಡ್ಡ ಸಿದ್ಧಾಂತ ಏನೂ ಇರಲಿಲ್ಲ. ಮಗಳು ಎರಡನೇ ಕ್ಲಾಸಿನಲ್ಲಿದ್ದಳು. ವ್ಯಾನಿನಲ್ಲಿ ಹೋಗಲು ಒಂದು ಗಂಟೆ, ಬರಲು ಒಂದೂಕಾಲು ಗಂಟೆ. ವಾರಕ್ಕೆ ಎರಡು ಸಲವಾದರೂ ವಾಂತಿ. 2020ರ ಮಾರ್ಚ್‌ನಲ್ಲಿ ಎಲ್ಲ ಶಾಲೆಗಳೂ ಮುಚ್ಚಿದವು. ಮತ್ತೆ ತೆರೆದಾಗ ಅವಳನ್ನು ಆ ವ್ಯಾನ್ ಹತ್ತಿಸಲು ಮನಸ್ಸು ಬರಲಿಲ್ಲ. ‘ಇನ್ನೊಂದು ವರ್ಷ ನೋಡೋಣ’ ಅಂದುಕೊಂಡೆವು. ಆ ಇನ್ನೊಂದು ವರ್ಷ ಇನ್ನೂ ಮುಗಿದಿಲ್ಲ. ಮಗ ಅಕ್ಕನನ್ನು ನೋಡಿ ಶಾಲೆಯ ಕಡೆ ತಲೆಯೇ ಹಾಕಲಿಲ್ಲ.

ಕಾನೂನಿನ ವಿಷಯ ಎಲ್ಲರೂ ಕೇಳುತ್ತಾರೆ. ಅದು ಬೇಸರದ ಭಾಗ, ಬೇಗ ಮುಗಿಸುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಅಪ್ಪ ಅಮ್ಮನ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಅಪ್ಪ ಅಮ್ಮನಿಗೆ ಇಂಥ ಶಿಕ್ಷೆ ಅಂತ ಹೇಳುವುದಿಲ್ಲ. ಮನೆಯಲ್ಲಿ ಕಲಿಸಬಹುದು ಅಂತಲೂ ಹೇಳುವುದಿಲ್ಲ. ನಮ್ಮಂಥವರು ಆ ಸಂದಿಯಲ್ಲಿ ಬದುಕುತ್ತಿದ್ದೇವೆ. ಮುಂದೇನು ಅಂದರೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಕೇಂದ್ರ ಸರ್ಕಾರದ್ದೇ, 1989ರಲ್ಲಿ ಶುರುವಾದದ್ದು. 14 ತುಂಬಿದವರು ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರಬಹುದು. ಐದು ವಿಷಯ ಪಾಸಾಗಬೇಕು. ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಮಗಳು ಆ ದಾರಿ ಹಿಡಿಯುತ್ತಾಳೆ. ಕಾನೂನು ಇಲ್ಲಿಗೆ ಸಾಕು.

ಈಗ ನಾನು ಯಾರಿಗೂ ಹೇಳದಿದ್ದ ಕಾರಣಕ್ಕೆ ಬರುತ್ತೇನೆ. ವ್ಯಾನು, ವಾಂತಿ ಎಲ್ಲ ನಿಜ. ಆದರೆ ಒಳಗೊಂದು ಆಸೆಯೂ ಇತ್ತು. ನಾನು ಚಿಕ್ಕಂದಿನಿಂದ ಪುಸ್ತಕದ ಹುಳು. ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುತ್ತಿದ್ದವಳು. ಮಕ್ಕಳು ಮನೆಯಲ್ಲೇ ಇದ್ದರೆ ದಿನವಿಡೀ ಪುಸ್ತಕಗಳ ನಡುವೆ ಇರಬಹುದು ಅಂದುಕೊಂಡಿದ್ದೆ. ಮಕ್ಕಳು ಅತ್ತ ಓದುತ್ತಿರುತ್ತಾರೆ, ನಾನು ಇತ್ತ ಓದುತ್ತಿರುತ್ತೇನೆ, ಕಿಟಕಿಯಿಂದ ಗಾಳಿ ಬರುತ್ತಿರುತ್ತದೆ. ನಗಬೇಡಿ, ನಿಜವಾಗಿ ಹೀಗೇ ಅಂದುಕೊಂಡಿದ್ದೆ.

ದಿನವಿಡೀ ಪುಸ್ತಕಗಳ ನಡುವೆ ಇದ್ದದ್ದಂತೂ ಹೌದು. ಆದರೆ ಮೊದಲ ಎರಡು ವರ್ಷದಲ್ಲಿ ನನಗೆ ಅಂತ ನಾನು ಓದಿದ ಪುಸ್ತಕ ಮೂರು. ಅದರಲ್ಲೂ ಒಂದು ಅರ್ಧಕ್ಕೇ ನಿಂತಿತು. ಮದುವೆ ಮನೆಯಲ್ಲಿ ಬಡಿಸುವವರ ಕಥೆ ಗೊತ್ತಲ್ಲ? ಮೂರು ಪಂಕ್ತಿಗೆ ಬಡಿಸಿ ತಾವು ಕೂರುವ ಹೊತ್ತಿಗೆ ಹೋಳಿಗೆ ಖಾಲಿ, ತಿಳಿಸಾರು ಮಾತ್ರ ಉಳಿದಿರುತ್ತದೆ. ನನ್ನದೂ ಅದೇ ಆಯಿತು.

ಹೊತ್ತು ಸಾಲಲಿಲ್ಲ ಅನ್ನುವುದು ಸುಲಭದ ಉತ್ತರ. ಅದು ಅರ್ಧ ಸತ್ಯ. ಓದುವ ರೀತಿಯೇ ಕೆಟ್ಟುಹೋಗಿತ್ತು. ಯಾವ ಪುಸ್ತಕ ಕೈಗೆತ್ತಿಕೊಂಡರೂ ಇದರಲ್ಲಿ ಮಕ್ಕಳಿಗೆ ಏನು ಕಲಿಸಬಹುದು ಅನ್ನುವ ಲೆಕ್ಕ. ಕಥೆಯಲ್ಲಿ ದೋಣಿ ಬಂದರೆ ನದಿಗಳ ಹೆಸರು. ಮಾವಿನಹಣ್ಣು ಹಂಚಿಕೊಂಡರೆ ಭಿನ್ನರಾಶಿ. ರಾಜ ಸತ್ತರೆ ಇಸವಿ. ನನಗೆ ಅಂತ ತಂದ ಕಾದಂಬರಿಯನ್ನೂ ಪೆನ್ಸಿಲ್ ಹಿಡಿದು ಓದಲು ಶುರುಮಾಡಿದ್ದೆ. ಕಸ ಗುಡಿಸುವವರಿಗೆ ಎಲ್ಲಿ ಹೋದರೂ ಕಸವೇ ಕಾಣುತ್ತದಲ್ಲ, ಹಾಗೆ.

2021ರಲ್ಲಿರಬೇಕು. ರಾತ್ರಿ ಊಟವಾಗಿತ್ತು. ಒಂದು ಕಥೆ ಪುಸ್ತಕ ಹಿಡಿದು ಕೂತೆ. ಮಗ ಬಂದು ತೊಡೆ ಮೇಲೆ ಕೂತ. ಮಗಳು ಬಾಗಿಲಲ್ಲೇ ನಿಂತಳು. ಅವಳಿಗಾಗ ಒಂಬತ್ತು. ‘ಅಮ್ಮಾ, ಇದು ಕಥೆನಾ, ಪಾಠನಾ? ಮೊದಲೇ ಹೇಳು’ ಅಂದಳು. ‘ಕಥೆ ಕಣೇ’ ಅಂದೆ. ‘ಹಾಗಾದ್ರೆ ಕೊನೇಲಿ ಏನೂ ಕೇಳಬಾರದು’ ಅಂದಳು.

ನಾನು ‘ಆಯ್ತು’ ಅಂದೆ. ಓದಿದೆ. ಕಥೆ ಮುಗಿಯಿತು. ನನ್ನ ಬಾಯಿ ತಾನಾಗಿ ತೆರೆಯಿತು. ‘ಅಲ್ಲಾ, ಆ ಮುದುಕಿ ಯಾಕೆ...’ ಅಷ್ಟೇ ಅಂದದ್ದು. ಮಗಳು ಎದ್ದು ಒಳಗೆ ಹೋದಳು. ಬಾಗಿಲು ಧಡಾರ್ ಅಂತ ಹಾಕಲಿಲ್ಲ, ಮೆಲ್ಲಗೆ ಹಾಕಿಕೊಂಡಳು. ಧಡಾರ್ ಅಂದಿದ್ದರೆ ಬೈಯಬಹುದಿತ್ತು.

ಮನೆಯಲ್ಲಿ ಕಲಿಸುವವರ ನಡುವೆ ಷಾರ್ಲೆಟ್ ಮೇಸನ್ ಅನ್ನುವ ಹೆಸರು ಜಾಸ್ತಿ ಓಡಾಡುತ್ತದೆ. ಇಂಗ್ಲೆಂಡಿನ ಶಿಕ್ಷಕಿ, 1842ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡರು. ಮಕ್ಕಳಿಗೆ ಒಳ್ಳೆಯ ಪುಸ್ತಕದ ಒಂದು ಭಾಗ ಒಂದೇ ಸಲ ಓದಿ ಹೇಳಿ, ಆಮೇಲೆ ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ ಅನ್ನುವುದು ಅವರ ಕ್ರಮ. ಇದನ್ನು ಓದಿದಾಗ ನನಗೆ ನಗು ಬಂತು. ಹರಿಕಥೆ ಕೇಳಿ ಬಂದ ಮೇಲೆ ನಮ್ಮಜ್ಜಿ ‘ಏನ್ ಹೇಳಿದ್ರು ಹೇಳು ನೋಡೋಣ’ ಅನ್ನುತ್ತಿದ್ದರು. ಅದೇ ತಾನೇ? ಆದರೆ ನಮ್ಮಜ್ಜಿಗೆ ನಿಜವಾಗಿಯೂ ಕಥೆ ಬೇಕಿತ್ತು. ಮಂಡಿನೋವಿಗೆ ಅವರು ಹರಿಕಥೆಗೆ ಬರಲು ಆಗುತ್ತಿರಲಿಲ್ಲ. ನಾನು ಕೇಳುತ್ತಿದ್ದದ್ದು ಬೇರೆ. ಕಥೆ ನನಗೆ ಗೊತ್ತಿತ್ತು, ಇವಳಿಗೆ ಗೊತ್ತಾಯಿತಾ ಅಂತ ನೋಡಲು ಕೇಳುತ್ತಿದ್ದೆ. ಮಕ್ಕಳಿಗೆ ಈ ವ್ಯತ್ಯಾಸ ವಾಸನೆಯಲ್ಲೇ ತಿಳಿಯುತ್ತದೆ.

ಅಂದಿನಿಂದ ಮನೆಯಲ್ಲಿ ಒಂದು ನಿಯಮ. ಪಾಠ ಆದರೆ ಪಾಠ ಅಂತ ಮೊದಲೇ ಹೇಳಬೇಕು. ಕಥೆ ಆದರೆ ಪ್ರಶ್ನೆ ಇಲ್ಲ. ಅವರೇ ಕೇಳಿದರೆ ಮಾತಾಡಬಹುದು. ಮೊದಲ ಒಂದು ತಿಂಗಳು ನಾಲಿಗೆ ಕಚ್ಚಿಕೊಂಡು ಕೂತಿದ್ದೆ.

ಇನ್ನೊಂದು ತೊಡಕು ಭಾಷೆಯದು. ಬೆಂಗಳೂರಿನಲ್ಲಿ ಮನೆಯಲ್ಲಿ ಕಲಿಸುವ ಕುಟುಂಬಗಳು ಸೇರಿದರೆ ಮಾತು ಬಹುಪಾಲು ಇಂಗ್ಲಿಷಿನಲ್ಲಿ. ಪುಸ್ತಕಗಳೂ ಅಷ್ಟೆ. ನನಗೆ ಮಕ್ಕಳು ಕನ್ನಡದಲ್ಲೂ ಓದಬೇಕು ಅನ್ನುವ ಹಟ. ಮಕ್ಕಳ ಪುಸ್ತಕ ಪ್ರಕಟಿಸುವ, ಇಲ್ಲಿಯದೇ ಆದ ಪ್ರಥಮ್ ಬುಕ್ಸ್ ಇದೆ, 2004ರಲ್ಲಿ ಶುರುವಾದದ್ದು. ಅವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ 2015ರಲ್ಲಿ ಬಂತು. ಅಲ್ಲಿ ಕನ್ನಡದ ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ. ಅದು ತುಂಬಾ ಕೈಹಿಡಿಯಿತು. ಸಾಲದೇ ಹೋದಾಗ ಇಂಗ್ಲಿಷ್ ಪುಸ್ತಕ ಕೈಯಲ್ಲಿ ಹಿಡಿದು ಬಾಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ. ಕರಡಿಗಳ ಮನೆಯ ಒಂದು ಹಳೇ ಕಥೆ ಇದೆಯಲ್ಲ, ಅದರಲ್ಲಿ ಪಾರಿಜ್ ಬರುತ್ತದೆ. ತಟ್ಟನೆ ‘ಗಂಜಿ’ ಅಂದೆ. ಮಗ ಗಾಬರಿಯಾಗಿ, ‘ಮೂರು ಕರಡಿಗೂ ಜ್ವರ ಬಂದಿತ್ತಾ?’ ಅಂದ. ನಮ್ಮ ಮನೆಯಲ್ಲಿ ಗಂಜಿ ಮಾಡುವುದು ಯಾರಾದರೂ ಮಲಗಿದಾಗ ಮಾತ್ರ. ಮಂಗಳೂರಿನ ಕಡೆಯವರಾಗಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ.

ಈಗ ಇವನು ಓದಲು ಕಲಿತ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಾನು ಮಾಡಿದ್ದು ಏನೂ ಇಲ್ಲ.

ಏಳು ತುಂಬಿದರೂ ಮಗನಿಗೆ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಶಾಲೆಗೆ ಕಳಿಸದ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಹಬ್ಬಕ್ಕೆ ಬಂದ ನೆಂಟರು ಕ್ಯಾಲೆಂಡರ್ ತೋರಿಸಿ ‘ಇದೇನು ಓದು ಪುಟ್ಟಾ’ ಅನ್ನುತ್ತಾರೆ. ಎಲ್ಲರೂ ನನ್ನ ಮುಖ ನೋಡುತ್ತಾರೆ. ಕನ್ನಡದ 49 ಅಕ್ಷರ ಅವನಿಗೆ ಗೊತ್ತಿತ್ತು. ಕಾಗುಣಿತದಲ್ಲಿ ಎಡವುತ್ತಿದ್ದ. ‘ವು’ಗೂ ‘ಮ’ಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ‘ಹೂವು’ ಅಂತ ಬರೆದರೆ ‘ಹೂಮ’ ಅನ್ನುತ್ತಿದ್ದ. ಸುಮ್ನೆ ನೋಡಿ, ಅವನದೇನೂ ದೊಡ್ಡ ತಪ್ಪಲ್ಲ. ಆ ಕೊಂಬಿನ ಬಾಲ ಎಲ್ಲಿ ತಿರುಗುತ್ತದೆ ಅನ್ನುವುದಷ್ಟೇ ವ್ಯತ್ಯಾಸ. ಇನ್ನು ಒತ್ತಕ್ಷರ ಬಂದರೆ ಪುಸ್ತಕ ಮುಚ್ಚಿಯೇ ಬಿಡುತ್ತಿದ್ದ.

ನಮ್ಮತ್ತೆಗೆ ಈಗ 74. ತಿಪಟೂರಿನ ಕಡೆಯವರು. ‘ಸುಧಾ’ ವಾರಪತ್ರಿಕೆ ಶುರುವಾದದ್ದು 1965ರಲ್ಲಿ, ಆಗ ಅವರಿಗೆ 14. ಅಂದಿನಿಂದ ಓದುತ್ತಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಮೊಮ್ಮಗನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಜೋರಾಗಿ ಓದುತ್ತಾರೆ. ಒಂದು ದಿನ ಏನೋ ಒಂದು ಕಥೆ. ಒಬ್ಬ ಹುಡುಗ ಹಾಳುಬಾವಿಯೊಳಗೆ ಇಣುಕುತ್ತಿದ್ದ. ಅಷ್ಟಕ್ಕೆ ಅತ್ತೆ ಕನ್ನಡಕ ತೆಗೆದು, ‘ಮಿಕ್ಕಿದ್ದು ಎದ್ದ ಮೇಲೆ’ ಅಂದು ಮಗ್ಗುಲಾದರು. ಇವನು ಅಲುಗಾಡಿಸಿದ. ಅವರಿಗೆ ಗೊರಕೆ.

ನಾನು ಅಡುಗೆಮನೆಯ ಬಾಗಿಲಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ನೋಡುತ್ತಿದ್ದೆ. ಪತ್ರಿಕೆಯನ್ನು ಮೆಲ್ಲಗೆ ಅಜ್ಜಿಯ ಕೈಯಿಂದ ಎಳೆದುಕೊಂಡ. ನೆಲದ ಮೇಲೆ ಬೋರಲು ಮಲಗಿದ. ಬೆರಳಿಟ್ಟ. ‘ಬಾ... ವಿ... ಯ... ಬಾವಿಯ. ಒ... ಳ... ಗೆ.’ ಹೀಗೇ ಹೋಯಿತು. ಒಂದು ಕಡೆ ನಿಂತ. ‘ಸೂ... ಯ...’ ಮತ್ತೆ ಮೊದಲಿನಿಂದ. ‘ಸೂಯರ್... ಸೂಯರ್‌ನ ಬೆಳಕು.’ ತಲೆ ಎತ್ತಿ ಗೋಡೆಗೆ ಹೇಳಿದ, ‘ಯಾರಿವನು ಸೂಯರ್?’

ನನ್ನ ಕಾಲು ಒಂದು ಹೆಜ್ಜೆ ಮುಂದೆ ಹೋಯಿತು. ಅರ್ಕಾವೊತ್ತು ಅಂದರೇನು ಅಂತ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಎಲ್ಲಿ ಸಿಗುತ್ತದೆ? ಬಾಗಿಲು ಮೆಲ್ಲಗೆ ಹಾಕಿಕೊಂಡ ಮಗಳು ನೆನಪಾದಳು. ನಿಂತೆ. ಹುರುಳಿಕಾಯಿ ಮುರಿಯುವ ಸದ್ದೂ ಆಗದ ಹಾಗೆ ನಿಂತೆ. ಅವನು ಬೆರಳನ್ನು ಆ ಪದದ ಮೇಲೆ ಹಿಂದೆ ಮುಂದೆ ಆಡಿಸಿದ. ಬಾವಿ, ಬೆಳಕು, ಬೆಳಕು ಬಿತ್ತು ಅಂತೆಲ್ಲ ಗೊಣಗಿದ. ಆಮೇಲೆ ‘ಸೂರ್ಯ!’ ಅಂದ. ಖುಷಿಗಿಂತ ಸಿಟ್ಟು ಜಾಸ್ತಿ ಇತ್ತು. ‘ಬರೆಯೋದು ಆಮೇಲೆ, ಹೇಳೋದು ಮೊದಲು. ಇದು ಮೋಸ!’

ಅರ್ಧ ಕಾಲಂ ಓದಲು ಇಪ್ಪತ್ತು ನಿಮಿಷ. ಅಜ್ಜಿ ಏಳುವುದನ್ನೇ ಕಾದಿದ್ದು, ‘ಅಜ್ಜಿ, ಬಾವೀಲಿ ಏನೂ ಇರ್ಲಿಲ್ಲ. ಬರೀ ಒಂದು ಕೊಡ’ ಅಂದ. ಮುಂದಿನ ತಿಂಗಳೆಲ್ಲ ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ಯಾವುದನ್ನೂ ಬಿಡಲಿಲ್ಲ. ಎಲ್ಲಿ ಅರ್ಕಾವೊತ್ತು ಕಂಡರೂ ‘ಅಲ್ನೋಡು, ಮೋಸದ ಅಕ್ಷರ’ ಅನ್ನುತ್ತಿದ್ದ. ನೀವು ಬೇಕೆಂದೇ ನಿಲ್ಲಿಸಿದಿರಾ ಅಂತ ಅತ್ತೆಯನ್ನು ಕೇಳಿದೆ. ‘ನಿದ್ದೆ ಬಂದಿತ್ತು ಕಣಮ್ಮ’ ಅಂದರು. ಎಲ್ಲದಕ್ಕೂ ಒಂದು ವಿಧಾನ ಹುಡುಕುವ ನನ್ನಂಥವಳಿಗೆ ಇದು ಸ್ವಲ್ಪ ನಿರಾಸೆಯೇ.

ಅತ್ತೆಯ ವಿಷಯ ಬಂದದ್ದರಿಂದ ಇನ್ನೊಂದು ಹೇಳಬೇಕು. ಮಗ ಓದಲು ಕಲಿಯುವುದಕ್ಕೆ ಸ್ವಲ್ಪ ಮುಂಚಿನ ಮಾತು. ಆಗ ನಾನು ಕದ್ದು ಓದುತ್ತಿದ್ದೆ. ಹೌದು, ಎರಡು ಮಕ್ಕಳ ತಾಯಿ, ಬಚ್ಚಲುಮನೆಯಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು. ಮಕ್ಕಳಿಗೆ ಓದಿ ಹೇಳುತ್ತಿದ್ದರೆ ಅದು ಕೆಲಸ, ಯಾರಿಗೂ ತಕರಾರಿಲ್ಲ. ನನ್ನ ಪಾಡಿಗೆ ನಾನು ಕಾದಂಬರಿ ಹಿಡಿದರೆ ಅಳುಕು. ಬಟ್ಟೆ ಒಣಗಿಹಾಕಿಲ್ಲ, ಲೆಕ್ಕ ತಿದ್ದಿಲ್ಲ. ನಮ್ಮ ಮಾವ ಇದ್ದಾಗ ಬೆಳಿಗ್ಗೆ ಒಂದು ಗಂಟೆ ಪೇಪರ್ ಓದುತ್ತಿದ್ದರು, ನಡುವೆ ಎರಡು ಸಲ ಕಾಫಿ. ಅವರು ಓದುತ್ತಿದ್ದಾರೆ ಅಂತ ಮಕ್ಕಳನ್ನು ಸುಮ್ಮನಿರಿಸುತ್ತಿದ್ದವಳು ನಾನೇ. ಗಂಡಸರು ಓದಿದರೆ ಓದು, ಹೆಂಗಸರು ಓದಿದರೆ ಬಿಡುವು. ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಹೇಳದೆಯೂ ತಲೆಯೊಳಗೆ ಕೂತಿತ್ತು.

ಒಂದು ದಿನ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ಅತ್ತೆ ಇದ್ದಕ್ಕಿದ್ದ ಹಾಗೆ, ‘ನಾನು ಅಕ್ಕಿ ಡಬ್ಬದಲ್ಲಿ ಇಡ್ತಿದ್ದೆ’ ಅಂದರು. ಏನನ್ನ ಅಂದೆ. ‘ಕಾದಂಬರಿ.’ ಮದುವೆಯಾದ ಹೊಸದು, ಹದಿನಾಲ್ಕು ಜನರ ಮನೆ. ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಯಿಂದ ಮೈದುನ ತಂದುಕೊಡುತ್ತಿದ್ದನಂತೆ, ದಿನಕ್ಕೆ ಇಷ್ಟು ಪೈಸೆ ಅಂತ. ಅಕ್ಕಿ ಅಳೆಯುವ ನೆಪದಲ್ಲಿ ಉಗ್ರಾಣಕ್ಕೆ ಹೋಗಿ ಎರಡೆರಡು ಪುಟ. ವಾಪಸ್ ಕೊಡುವಾಗ ಹಾಳೆಗಳ ನಡುವಿನ ತೌಡು ಒದರಬೇಕಿತ್ತಂತೆ. ಹೇಳಿ ನಕ್ಕರು. ಆಮೇಲೆ ಕಾಳಿನ ಕಡೆ ನೋಡುತ್ತಲೇ, ‘ಗೀಸರ್ ಆಫ್ ಮಾಡಿ ಅರ್ಧ ಗಂಟೆ ಆದ್ರೂ ನೀನು ಬಚ್ಚಲಿಂದ ಬರಲ್ಲ. ಅಲ್ಲಿ ಕೂತರೆ ಶೀತ ಆಗುತ್ತೆ. ಹಾಲ್‌ನಲ್ಲಿ ಕೂತು ಓದು. ಮಕ್ಕಳನ್ನ ನಾನು ನೋಡ್ಕೋತೀನಿ’ ಅಂದರು.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ ಆಮೇಲಿನದನ್ನೂ ಹೇಳಬೇಕಲ್ಲ. ಒಂದು ವಾರ ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದರು. ನಾನು ಹಾಲ್‌ನಲ್ಲಿ ಕೂತು ಓದುತ್ತಿದ್ದೆ. ಮಗ ಹಿತ್ತಲಲ್ಲಿ ಆಡುತ್ತಿದ್ದಾನೆ ಅಂತ ಗೊತ್ತಿತ್ತು. ಕಾಂಪೌಂಡ್ ಮೇಲೆ ಹತ್ತಿದ್ದು ಗೊತ್ತಿರಲಿಲ್ಲ. ಬಿದ್ದು ಗಲ್ಲ ಸೀಳಿತು. ಮೂರು ಹೊಲಿಗೆ. ಹೊಲಿಗೆ ಹಾಕುತ್ತಾ ಡಾಕ್ಟರು ಸಹಜವಾಗಿ ‘ಆಗ ನೀವೆಲ್ಲಿದ್ರಿ ಅಮ್ಮಾ?’ ಅಂದರು. ‘ಓದ್ತಾ ಇದ್ದೆ’ ಅಂದೆ. ಬಟ್ಟೆ ಒಗೀತಿದ್ದೆ ಅಂದಿದ್ದರೆ ಅವರು ಏನೂ ಅಂದುಕೊಳ್ಳುತ್ತಿರಲಿಲ್ಲ. ಈಗಲೂ ಏನೂ ಅನ್ನಲಿಲ್ಲ. ಆದರೂ ಆ ಮಾತು ಬಾಯಿಂದ ಬಂದಾಗ ಹೇಗೆ ಕೇಳಿಸಿತು ಅಂತ ಇವತ್ತಿಗೂ ನೆನಪಿದೆ.

ಹದಿನೈದು ದಿನ ಪುಸ್ತಕ ಮುಟ್ಟಲಿಲ್ಲ. ಆ ಹದಿನೈದು ದಿನದಲ್ಲಿ ಮನೆಯಲ್ಲಿ ಎಲ್ಲರ ಮೇಲೂ ರೇಗಿದೆ. ಕೊನೆಗೆ ನಮ್ಮ ಮನೆಯವರೇ ಕೈಮುಗಿದು, ‘ನೀನು ಓದಮ್ಮಾ ತಾಯಿ, ನಮಗೆಲ್ಲ ಒಳ್ಳೇದು’ ಅಂದರು.

ಆಗ ಕೂತು ಮಾತಾಡಿ ಒಂದು ಏರ್ಪಾಡು ಮಾಡಿಕೊಂಡೆವು. ಮಧ್ಯಾಹ್ನ ಎರಡರಿಂದ ಮೂರೂಕಾಲು. ಮನೆಯಲ್ಲಿ ಎಲ್ಲರೂ ಒಂದೇ ಹಾಲ್‌ನಲ್ಲಿ, ಕಣ್ಣಿಗೆ ಕಾಣುವ ಹಾಗೆ. ಓದಬಹುದು, ಗೀಚಬಹುದು, ಮಲಗಬಹುದು. ನನ್ನನ್ನು ಕರೆಯಬಾರದು. ಮೂರಕ್ಕೆ ಮಾತ್ರ ವಿನಾಯಿತಿ: ರಕ್ತ, ಹೊಗೆ, ಕಾವೇರಿ ನೀರು. ನಮ್ಮ ರಸ್ತೆಗೆ ನೀರು ಯಾವಾಗ ಬಿಡುತ್ತಾರೆ ಅನ್ನುವುದು ದೇವರಿಗೂ ಗೊತ್ತಿಲ್ಲ, ಅದಕ್ಕೆ ಮೂರನೆಯದು. ಈ ಒಂದೂಕಾಲು ಗಂಟೆಯಲ್ಲಿ ನಾನು ಪೆನ್ಸಿಲ್ ಹಿಡಿಯುವುದಿಲ್ಲ. ಯಾರಿಗೂ ಕಲಿಸಲು ಬಾರದ ಪುಸ್ತಕಗಳನ್ನೇ ಹುಡುಕಿ ಓದುತ್ತೇನೆ. ಪತ್ತೇದಾರಿ ಜಾಸ್ತಿ.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಎತ್ತಿ, ‘ಹಾಗಾದ್ರೆ ಮನೆಕೆಲಸ ಯಾರು ಮಾಡ್ತಾರಮ್ಮ?’ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಕೆಲವು ಆಗುವುದೇ ಇಲ್ಲ. ಒಗೆದ ಬಟ್ಟೆ ಮಡಚುವುದನ್ನು ನಾವು ಬಿಟ್ಟೇಬಿಟ್ಟಿದ್ದೇವೆ. ಒಂದು ಕುರ್ಚಿ ಇದೆ, ಅದು ಬಟ್ಟೆಯದೇ. ಬೇಕಾದವರು ಅಲ್ಲಿಂದ ಎಳೆದುಕೊಳ್ಳುತ್ತಾರೆ. ರಾತ್ರಿ ಅಡುಗೆ ನಮ್ಮ ಮನೆಯವರದು, ವಾರದಲ್ಲಿ ನಾಲ್ಕು ದಿನ ಉಪ್ಪಿಟ್ಟು. ದೂರುವುದಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಇದು ಅತ್ತೆ ಮಾವ ಕಟ್ಟಿದ ಸ್ವಂತ ಮನೆ, ಬಾಡಿಗೆ ಇಲ್ಲ. ಒಬ್ಬರ ಸಂಬಳದಲ್ಲಿ ನಡೆಯುತ್ತಿದೆ. ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರಿದ್ದಾರೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ನಾನು ಇಲ್ಲಿ ನಿಂತು ಮಾತಾಡುತ್ತಿರಲಿಲ್ಲ. ಕೆಲಸಕ್ಕೆ ಹೋಗುವ ಒಂಟಿ ತಾಯಿ ಬಂದು ನಾನೂ ಹೀಗೇ ಮಾಡಲಾ ಅಂತ ಕೇಳಿದರೆ, ಬೇಡಮ್ಮ, ಮನೆ ಹತ್ತಿರ ಯಾವುದಾದರೂ ಒಳ್ಳೆಯ ಶಾಲೆ ನೋಡು, ಸಂಜೆ ಜೊತೆಗೆ ಕೂತು ಓದು ಅನ್ನುತ್ತೇನೆ.

ಪುಸ್ತಕಕ್ಕೆ ದುಡ್ಡು ಎಲ್ಲಿಂದ ಅನ್ನುವುದು ಇನ್ನೊಂದು ಪ್ರಶ್ನೆ. ಆಸ್ತಿ ತೆರಿಗೆ ರಸೀದಿಯನ್ನು ಒಮ್ಮೆ ಸರಿಯಾಗಿ ನೋಡಿ. ಅದರಲ್ಲಿ ಗ್ರಂಥಾಲಯದ ಕರ ಅಂತ ತೆರಿಗೆಯ ನೂರಕ್ಕೆ 6 ರೂಪಾಯಿ ಸೇರಿರುತ್ತದೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಪದ್ಧತಿ. ಅಂದರೆ ನಾವು ಆಗಲೇ ದುಡ್ಡು ಕಟ್ಟಿದ್ದೇವೆ, ಹೋಗಿ ಓದುವುದಷ್ಟೇ ಬಾಕಿ. ನಾವು ತಿಂಗಳಿಗೆರಡು ಸಲ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಹೋಗುತ್ತೇವೆ. ದಿವಾನ್ ಶೇಷಾದ್ರಿ ಅಯ್ಯರ್ ನೆನಪಿನ ಆ ಕೆಂಪು ಕಟ್ಟಡ. ಬನಶಂಕರಿಯಿಂದ ಹಸಿರು ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮೆಟ್ರೊ. ವಾರದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಬೇರೆ ಮಕ್ಕಳೆಲ್ಲ ಶಾಲೆಯಲ್ಲಿರುವ ಹೊತ್ತು. ಹಾಗಾಗಿ ದಾರಿಯಲ್ಲಿ ಸಿಕ್ಕವರೆಲ್ಲ, ‘ಏನೋ ಮರಿ, ಇವತ್ತು ಸ್ಕೂಲಿಲ್ವಾ?’ ಅನ್ನುತ್ತಾರೆ. ಮಗ ಮುಖ ಸಪ್ಪೆ ಮಾಡಿಕೊಂಡು, ‘ನಮಗೆ ರಜಾನೇ ಇರಲ್ಲ ಅಂಕಲ್’ ಅನ್ನುತ್ತಾನೆ. ಪಾಪ ಅಂತ ಒಬ್ಬರು ಚಾಕ್ಲೇಟ್ ಕೂಡ ಕೊಟ್ಟಿದ್ದಾರೆ.

ಈ ಬಸವನಗುಡಿಯವರಿಗೆ ಹೇಳಬೇಕಾದ್ದೇ ಇಲ್ಲ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇಲ್ಲೇ ಇದೆ. ಡಿ.ವಿ.ಜಿ. ಕಟ್ಟಿದ ಗೋಖಲೆ ಸಂಸ್ಥೆಯೂ ಹತ್ತಿರದಲ್ಲೇ. ಎರಡೂ 1945ರಲ್ಲಿ ಹುಟ್ಟಿದವು, ಎರಡರಲ್ಲೂ ಲೈಬ್ರರಿ ಇದೆ. ನಮ್ಮ ಬಡಾವಣೆಯಲ್ಲಿ ಇಂಥದ್ದೊಂದು ಇದ್ದಿದ್ದರೆ ಬಚ್ಚಲುಮನೆಯ ಬಕೆಟ್ ಉಳಿಯುತ್ತಿತ್ತು. ಒಡೆದುಹೋಯಿತು ಅದು.

ಓದಿದ್ದನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ ತೋರಿಸಬೇಕು ಅನ್ನುವ ಚಟವೂ ಒಂದು ಕಾಲಕ್ಕಿತ್ತು. ಭೂಮಿಯ ವಯಸ್ಸಿನ ಬಗ್ಗೆ ಓದಿದ ಮಾರನೇ ದಿನವೇ ಲಾಲ್‌ಬಾಗ್ ಬಂಡೆಗೆ ಕರೆದೊಯ್ದೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು, ಕೆಂಪೇಗೌಡರ ಗೋಪುರ ಇರುವುದು ಅದರ ಮೇಲೇ. ನಾನು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ. ಇಬ್ಬರೂ ಆ ಕಲ್ಲಿನ ಮೇಲಿಂದ ಗೋಲಿ ಉರುಳಿಸುತ್ತಿದ್ದರು. ನಾನೂ ಎರಡು ಉರುಳಿಸಿದೆ.

ಮಗಳ ವಿಷಯ ಹೇಳಿ ನಿಲ್ಲಿಸುತ್ತೇನೆ. ಅವಳಿಗೆ ಈಗ ನಾನು ಓದಿ ಹೇಳುವುದು ಬೇಡ. ಮಧ್ಯಾಹ್ನದ ಹೊತ್ತಿನಲ್ಲಿ ನನ್ನ ಪುಸ್ತಕಗಳನ್ನೇ ಎಗರಿಸುತ್ತಾಳೆ. ಇವತ್ತು ಬಸ್ಸಿನಲ್ಲಿ ಓದುತ್ತಿದ್ದೆನಲ್ಲ, ಆ ಪುಸ್ತಕದಲ್ಲಿ ಗುರುತಿಗೆ ಎರಡು ಬಸ್ ಟಿಕೆಟ್ ಇವೆ. ಒಂದು ಅವಳದು, ಒಂದು ನನ್ನದು. ಅವಳದು 212ನೇ ಪುಟದಲ್ಲಿದೆ. ನನ್ನದು ಬೆಳಿಗ್ಗೆ 140ರಲ್ಲಿತ್ತು. ನಿನ್ನೆ ರಾತ್ರಿ ಪಾತ್ರೆ ಒರೆಸುತ್ತಾ, ‘ಎಲ್ಲಿವರೆಗೆ ಬಂದೆ?’ ಅಂದಳು. ಹೇಳಿದೆ. ‘ಅಯ್ಯೋ, ಇನ್ನೂ ಅಲ್ಲೇನಾ? ಹಾಗಾದ್ರೆ ಆ ಪತ್ರ ಯಾರು ಬರೆದಿರಬಹುದು ಅಂತ ನಿನಗನ್ಸುತ್ತೆ? ಯಾಕೆ ಹಾಗನ್ಸುತ್ತೆ?’ ನಾನು ಸೌಟು ಕೆಳಗಿಟ್ಟು, ‘ಇದು ಕಥೆನಾ, ಪಾಠನಾ? ಮೊದಲೇ ಹೇಳು’ ಅಂದೆ. ಅವಳು ಒರೆಸುವ ಬಟ್ಟೆಯನ್ನು ನನ್ನ ಮೇಲೆ ಎಸೆದಳು. ಇವತ್ತು ರಾತ್ರಿಯೊಳಗೆ ನಾನು 212 ಮುಟ್ಟದಿದ್ದರೆ ಪತ್ರ ಬರೆದವರ ಹೆಸರು ಹೇಳಿಬಿಡುತ್ತಾಳಂತೆ.

ಮಾರ್ಕೆಟ್ ಬರುವ ಹೊತ್ತಿಗೆ 158 ಆಗಿತ್ತು. ಈಗ ವಾಪಸ್ ಹೋಗುವ ಬಸ್ಸಿಗೆ ಬನಶಂಕರಿಯೇ ಕೊನೇ ಸ್ಟಾಪು. ದಾಟಿ ಹೋಗುವ ಭಯ ಇಲ್ಲ. ನಮಸ್ಕಾರ.